ಗ್ರೋನಿಂಗನ್ನಿನ ವಠಾರ

ಎರಡು ದಿನ ಬಿಡುವಿದೆ, ಯಾವ ಊರು ನೋಡೋಣ ಎಂದು ಇಲ್ಲಿಗೆ ಬರುವವರೆಲ್ಲ ನನ್ನನ್ನು ಕೇಳುತ್ತಾರೆ. ನೆದರ್‌ಲ್ಯಾಂಡ್ಸಿಗೆ ಬಂದು ಇಷ್ಟು ವರ್ಷವಾದ ಮೇಲೆ ನಾನೂ ಅರ್ಧ ಗೈಡ್ ಆಗಿಬಿಟ್ಟಿದ್ದೇನೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಯಲ್ಲಿ ದೋಣಿ ಹತ್ತಿ, ಡೆಲ್ಫ್ಟಿನಲ್ಲಿ ನೀಲಿ ಪಿಂಗಾಣಿ ನೋಡಿ, ರಾಟರ್‌ಡ್ಯಾಮಿನಲ್ಲಿ ಓರೆಯಾಗಿ ನಿಂತ ಹಳದಿ ಮನೆಗಳ ಮುಂದೆ ಫೋಟೋ ತೆಗೆಸಿಕೊಳ್ಳಿ ಅನ್ನುತ್ತೇನೆ. ಇದೆಲ್ಲ ಯಾರು ಬೇಕಾದರೂ ಹೇಳುವ ಮಾತು. ಆದರೆ ಕೇಳಿದವರ ಜೊತೆ ವಯಸ್ಸಾದ ಹೆಂಗಸರಿದ್ದರೆ ಮಾತ್ರ ನನ್ನ ಪಟ್ಟಿ ಬದಲಾಗುತ್ತದೆ. ಗ್ರೋನಿಂಗನ್ನಿಗೆ ಹೋಗಿ, ಅಲ್ಲಿ ಮೆಣಸಿನ ಬೀದಿಯಲ್ಲಿ ಒಂದು ಬಾಗಿಲಿದೆ, ತಳ್ಳಿಕೊಂಡು ಒಳಗೆ ಹೋಗಿ ಅನ್ನುತ್ತೇನೆ. ಆ ಬಾಗಿಲು ನನಗೆ ಸಿಕ್ಕಿದ್ದು ನನ್ನ ಸೋದರತ್ತೆ ಮೈಸೂರಿನಿಂದ ಬಂದಿದ್ದ ಬೇಸಿಗೆಯಲ್ಲಿ.

ಅತ್ತೆಯ ವಿಷಯ ಹೇಳಬೇಕಾದರೆ ಮೊದಲು ನಮ್ಮ ವಠಾರದ ವಿಷಯ ಹೇಳಬೇಕು. ಮೈಸೂರಿನ ಮಂಡಿ ಮೊಹಲ್ಲಾದ ಅಂಚಿನಲ್ಲಿ, ಒಂದೇ ಅಂಗಳದ ಸುತ್ತ ಒತ್ತೊತ್ತಾಗಿ ಕೂತ ಮನೆಗಳು, ಎಲ್ಲಕ್ಕೂ ಸೇರಿ ಒಂದು ನಲ್ಲಿ. ಅಮ್ಮ ಸ್ಕೂಲಿನಲ್ಲಿ ಟೀಚರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹಾಗಾಗಿ ನಾನು ಬೆಳೆದದ್ದು ಅತ್ತೆಯ ಜಗಲಿ ಮತ್ತು ಪಕ್ಕದ ಮನೆಯ ಖಾಲಾ ಅವರ ಜಗಲಿಯ ನಡುವೆ. ಖಾಲಾ ಅಂದರೆ ಅವರ ಮನೆಮಾತಿನಲ್ಲಿ ತಾಯಿಯ ಅಕ್ಕ ಅಥವಾ ತಂಗಿ. ಅವರು ನನಗೆ ರಕ್ತಸಂಬಂಧವೇನಲ್ಲ, ಆದರೆ ಆ ಅಂಗಳದ ಮಕ್ಕಳಿಗೆಲ್ಲ ಅವರು ಖಾಲಾ, ನಮ್ಮತ್ತೆ ಎಲ್ಲರಿಗೂ ಅತ್ತೆ. ಇವತ್ತು ನನ್ನ ಬಾಯಲ್ಲಿ ಏನು ಕನ್ನಡ ಉಳಿದಿದೆಯೋ ಅದು ಆ ಇಬ್ಬರು ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಆಡಿದ ಮಾತಿನಿಂದ ಬಂದದ್ದು. ಬೈಗುಳವೂ ಅಲ್ಲಿಂದಲೇ ಬಂತು, ಮುದ್ದೂ ಅಲ್ಲಿಂದಲೇ. ಅವರಿಬ್ಬರ ಮಟ್ಟಿಗೆ ಎರಡಕ್ಕೂ ಅಂಥ ವ್ಯತ್ಯಾಸವೂ ಇರಲಿಲ್ಲ. “ಏ ಸೋಮಾರಿ, ಎದ್ಯೇನೇ?” ಎಂದು ಖಾಲಾ ಕೂಗಿದರೆ ನಮ್ಮ ವಠಾರಕ್ಕೆ ಬೆಳಗಾಗುತ್ತಿತ್ತು.

ಒಂದು ದಿನ ಮಾಲೀಕರು ವಠಾರವನ್ನು ಮಾರಿದರು. ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ನಾವು ಹೊರಡುವ ದಿನ ಮಧ್ಯಾಹ್ನ ಲಾರಿ ಬರಬೇಕಿತ್ತು, ಆದರೆ ಅತ್ತೆ ನಸುಕಿನಲ್ಲೇ ಬರಹೇಳಿದ್ದರು. ಖಾಲಾ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಮನೆಗೆ ಬೀಗ ಬಿದ್ದಿತ್ತು. ಅತ್ತೆಗೆಂದು ಅವರು ಹೊಸ ಪಾತ್ರೆಯಲ್ಲಿ ಬೇರೆಯಾಗಿ ಫಿರ್ನಿ, ಅಂದರೆ ಹಾಲು ಅಕ್ಕಿಯ ಪಾಯಸ, ಮಾಡಿಟ್ಟಿದ್ದರಂತೆ. ಅದು ನಮಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ, ಬೇರೆ ಯಾರದೋ ಬಾಯಿಂದ. ಆಮೇಲೆ ಅವರೊಂದು ಕಡೆ, ನಾವೊಂದು ಕಡೆ. ಅತ್ತೆ ಯಾಕೆ ಹಾಗೆ ಹೇಳದೆ ಕೇಳದೆ ಹೊರಟರು ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಈಗ ಇಲ್ಲಿಯ ಮಾತು. ನಾನಿರುವುದು ವಾಗೆನಿಂಗನ್ನಿನಲ್ಲಿ. ಅತ್ತೆ ಬಂದಿದ್ದ ಆ ಬೇಸಿಗೆಯ ಒಂದು ಶನಿವಾರ ರಾಟರ್‌ಡ್ಯಾಮಿನ ಇಂಡಿಯನ್ ಅಂಗಡಿಯಲ್ಲಿ ಅವಲಕ್ಕಿ ಹುಡುಕುತ್ತಿದ್ದಾಗ, ಹಿಂದಿನಿಂದ ಯಾರೋ ಫೋನಿನಲ್ಲಿ, “ಅಮ್ಮೀ, ಹುಣಸೇಹಣ್ಣು ಸಿಗ್ತು, ಔರ್ ಕ್ಯಾ ಹೋನಾ?” ಅಂದದ್ದು ಕೇಳಿಸಿತು. ತಿರುಗಿ ನೋಡಿದೆ. ತಲೆಗೂದಲು ಹೋಗಿತ್ತು, ಹೊಟ್ಟೆ ಬಂದಿತ್ತು, ಆದರೆ ಗಲ್ಲದ ಮೇಲೆ ನಮ್ಮ ವಠಾರದ ಸೀಬೆ ಮರದಿಂದ ಬಿದ್ದಾಗಿನ ಗಾಯದ ಗುರುತು ಹಾಗೇ ಇತ್ತು. ಖಾಲಾ ಮಗ! ರಾಟರ್‌ಡ್ಯಾಮಿನ ಪಕ್ಕದ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಮನೆ, ಅಲ್ಲೇ ಆಫೀಸು. ಖಾಲಾ ಕೂಡ ಬಂದಿದ್ದಾರೆ, ಬೇಸಿಗೆ ಮುಗಿಯುವವರೆಗೆ ಇರುತ್ತಾರೆ ಅಂದ.

ಮನೆಗೆ ಬಂದು ಹೇಳಿದಾಗ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಂತಿತು. “ಫೋನ್ ಮಾಡ್ಕೊಡು” ಅಂದರು. ಮಾಡಿಕೊಟ್ಟೆ. ಮಾತು ಬೇಗ ಮುಗಿಯಿತು. ಫೋನನ್ನು ನನ್ನ ಕೈಗೆ ಕೊಟ್ಟು ಮತ್ತೆ ಸೊಪ್ಪಿಗೆ ಕೈ ಹಾಕಿದರು.

“ಏನಂದ್ರು ಅತ್ತೆ?”

“ಚೆನ್ನಾಗಿದ್ದೀರಾ ಅಂದ್ಲು.”

“ಒಳ್ಳೇದಾಯ್ತಲ್ಲ!”

“ಕೇಳಿಸ್ಲಿಲ್ವೇನೇ ನಿಂಗೆ? ಚೆನ್ನಾಗಿದ್ದೀರಾ ಅಂದ್ಲು. ಇದ್ದೀಯಾ ಅಲ್ಲ. ನಂಗೆ. *ನೀವು* ಅಂದ್ಲು ಕಣೇ ನಂಗೆ.” ಬಿಡಿಸಿದ ಸೊಪ್ಪನ್ನು ಪಾತ್ರೆಗೆ ಹಾಕಿ, “ನಾಲ್ಕು ಬೈದಿದ್ರೆ ಚೆನ್ನಾಗಿರ್ತಿತ್ತು” ಅಂದರು.

ಅದಾದ ಮೇಲೆ ಅತ್ತೆಗೆ ಯಾವ ಊರೂ ರುಚಿಸಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ದೋಣಿಯಲ್ಲಿ ಕೂರಿಸಿದರೆ ನೀರು ನೋಡದೆ ಚಪ್ಪಲಿ ನೋಡಿದರು. ಗಾಳಿಗಿರಣಿ ತೋರಿಸಿದರೆ, “ತಿರುಗ್ತಿದೆ, ನೋಡ್ದೆ, ನಡಿ” ಅಂದರು. ವಾಪಸು ಹೊರಡುವ ದಿನ ಹತ್ತಿರ ಬರುತ್ತಿತ್ತು. ಆ ಒಂದು ‘ನೀವು’ ಹೊತ್ತುಕೊಂಡೇ ಅವರು ವಿಮಾನ ಹತ್ತುತ್ತಾರೆ, ಇನ್ನೊಂದು ಸಲ ಇಬ್ಬರೂ ಒಂದೇ ಕಡೆ ಸೇರುವುದು ಕನಸಿನ ಮಾತು ಎಂದು ನನಗೂ ಗೊತ್ತಿತ್ತು. ಖಾಲಾ ಮಗನಿಗೆ ಫೋನು ಮಾಡಿದೆ. “ಅಮ್ಮೀನೂ ಅಷ್ಟೇ ಕಣೇ. ಆ ಕಾಲ್ ಆದ್ಮೇಲೆ ಮಾತೇ ಆಡ್ತಿಲ್ಲ. ಒಂದ್ ಟ್ರಿಪ್ ಹಾಕೋಣ, ಲಾಂಗ್ ಟ್ರೈನ್ ಜರ್ನಿ ಇರೋ ಊರಿಗೆ. ಓಡಿ ಹೋಗೋಕೆ ಆಗ್ಬಾರ್ದು” ಅಂದ. ಹಾಗೆ ಗ್ರೋನಿಂಗನ್ ನಿಶ್ಚಯವಾಯಿತು.

ಬರುವುದಿಲ್ಲ ಎಂದ ಅತ್ತೆ ಆ ದಿನ ನನಗಿಂತ ಮೊದಲೇ ಸಿದ್ಧವಾಗಿದ್ದರು, ಕೈಯಲ್ಲಿ ಚಕ್ಕುಲಿ ಡಬ್ಬಿ, ಚಟ್ನಿಪುಡಿ. ಖಾಲಾ ಮತ್ತು ಮಗ ರಾಟರ್‌ಡ್ಯಾಮಿನ ಕಡೆಯಿಂದ ರೈಲಿನಲ್ಲಿ ಬಂದರು, ನಾವು ಆಮರ್ಸ್‌ಫೋರ್ಟಿನಲ್ಲಿ ಅದೇ ರೈಲು ಹತ್ತಿದೆವು. ಬೋಗಿ ಖಾಲಿಯಿತ್ತೆಂದು ಖಾಲಾ ಮಗ ಜಾಗ ಹಿಡಿದಿದ್ದ. ಕೂತ ಮೇಲೆ ಕಿಟಕಿಯ ಗಾಜು ನೋಡಿದೆ, ‘ಸ್ತಿಲ್ತೆ’ ಎಂದು ಬರೆದಿತ್ತು. ಮಾತಾಡಬಾರದ ಬೋಗಿ! ಈ ದೇಶದ ರೈಲುಗಳಲ್ಲಿ ಇಂಥದೊಂದು ಇರುತ್ತದೆ, ನಮ್ಮವರು ಗೊತ್ತಿಲ್ಲದೆ ಹತ್ತಿ ಬೈಸಿಕೊಳ್ಳುತ್ತಾರೆ. ಆದರೆ ಅವತ್ತು ನಮ್ಮ ಇಬ್ಬರು ಹಿರಿಯರಷ್ಟು ನಿಷ್ಠೆಯಿಂದ ಆ ನಿಯಮ ಪಾಲಿಸಿದವರು ಇಡೀ ರೈಲಿನಲ್ಲಿ ಇರಲಿಲ್ಲ. “ಕೂತ್ಕೊಳ್ಳಿ” ಅಂದರು ಖಾಲಾ. “ನೀವೂ ಆರಾಮಾಗಿ ಕೂತ್ಕೊಳ್ಳಿ” ಅಂದರು ಅತ್ತೆ. ಅಷ್ಟೇ. ಜ್ವೊಲ್ಲೆ ಹೋಯಿತು, ಆಸ್ಸನ್ ಹೋಯಿತು, ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಬಿಟ್ಟು ಬೇರೇನೂ ಇಲ್ಲ. ಹಸುಗಳನ್ನು ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ನೋಡಿದರು.

ಊರು ಚೆನ್ನಾಗಿಯೇ ಇತ್ತು. ಸ್ಟೇಷನ್ನಿನ ಎದುರಿಗೆ ನೀರಿನಲ್ಲಿ ನಿಂತ ಮ್ಯೂಸಿಯಂ, ಪೇಂಟ್ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಮಾರ್ತಿನಿ ಗೋಪುರದ ಮೆಟ್ಟಿಲುಗಳಿಗೆ ಖಾಲಾ ಮಂಡಿ ಒಪ್ಪಲಿಲ್ಲ, ಕೆಳಗಿನಿಂದಲೇ ಗಂಟೆಯ ನಾದ ಕೇಳಿದೆವು. ಹತ್ತಿರದ ದೊಡ್ಡ ಗ್ರಂಥಾಲಯದ ಕಟ್ಟಡದಲ್ಲಿ ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ ಚಾವಣಿಗೆ ಹೋದರೆ ಊರಿಗೆ ಊರೇ ಕೆಂಪು ಹೆಂಚು ಹೊದ್ದು ಕಾಣುತ್ತದೆ. ಅಲ್ಲೂ ಒಬ್ಬರು ಆ ಮೂಲೆ, ಒಬ್ಬರು ಈ ಮೂಲೆ. ಮೀನಿನ ಚೌಕದ ಸಂತೆಯಲ್ಲಿ ಬಿಸಿ ಆಲೂಗಡ್ಡೆ ಫ್ರೈಸ್ ಕೊಂಡು, ಅತ್ತೆ ಅದರ ಮೇಲೆ ಚಟ್ನಿಪುಡಿ ಉದುರಿಸಿ ಖಾಲಾ ಮುಂದೆ ಹಿಡಿದರು.

“ತಗೊಳ್ಳಿ.”

“ಬೇಡಿ, ನೀವು ತಗೊಳ್ಳಿ.”

“ಖಾರ ಕಡಿಮೆ ಹಾಕಿದೀನಿ.”

“ನಿಮಗ್ಯಾಕೆ ತೊಂದರೆ.”

ಖಾಲಾ ಮಗ ನನ್ನ ಕಿವಿಯಲ್ಲಿ, “ಏನೇ ಇದು, ಎಂಬಸಿ ಮೀಟಿಂಗ್ ಥರ!” ಅಂದ. ನಗು ಬಂತು, ಆದರೆ ಅತ್ತೆಯ ಮುಖ ನೋಡಿ ನುಂಗಿಕೊಂಡೆ. ಅಲ್ಲಿಂದ ಹೊರಡುವಾಗ ಒಂದು ಸೈಕಲ್ಲು ಸುಯ್ಯೆಂದು ಬಂತು. ಖಾಲಾ ಅತ್ತೆಯ ತೋಳು ಹಿಡಿದು ಎಳೆದರು, “ಹುಷಾರು, ಸ್ವಲ್ಪ ಸರ್ಕೊಳ್ಳಿ” ಅಂದರು, ತೋಳು ಬಿಟ್ಟರು. ಅವಸರದಲ್ಲೂ ಬಹುವಚನ ತಪ್ಪಲಿಲ್ಲವಲ್ಲ ಎಂದು ನನಗೇ ಸಂಕಟವಾಯಿತು.

ಖಾಲಾಗೆ ಕೂರಲು ಜಾಗ ಬೇಕಿತ್ತು. ಒಂದು ಸಣ್ಣ ಬೀದಿಗೆ ಹೊರಳಿದೆವು. ಹೆಸರಿನ ಹಲಗೆ ಓದಿ, “ಇದು ಮೆಣಸಿನ ಬೀದಿಯಂತೆ” ಅಂದೆ. “ಹೆಸರಿಗೆ ಮಾತ್ರ. ಒಂದ್ ಒಗ್ಗರಣೆ ವಾಸನೆ ಇಲ್ಲ” ಅಂದರು ಅತ್ತೆ. ಅಲ್ಲಿ ಗೋಡೆಯ ನಡುವೆ ಅರ್ಧ ತೆರೆದ ಒಂದು ಬಾಗಿಲು. ಬರುವವರು ಬನ್ನಿ, ಇಲ್ಲಿ ಜನ ವಾಸವಿದ್ದಾರೆ, ಸದ್ದು ಮಾಡಬೇಡಿ ಎಂದು ಸಣ್ಣ ಫಲಕ. ಹಿಂದೆ ಯಾತ್ರಿಕರಿಗೂ ಬಡವರಿಗೂ ಕಟ್ಟಿಸಿದ ಇಂಥ ಅಂಗಳಗಳು ಈ ಊರಲ್ಲಿ ಅಲ್ಲಲ್ಲಿ ಇವೆ. ಓದಿದ್ದೆ, ನೋಡಿರಲಿಲ್ಲ. ತಳ್ಳಿದೆ.

ಒಂದೇ ಅಂಗಳ. ಸುತ್ತ ಒತ್ತೊತ್ತಾಗಿ ಕೂತ ಪುಟ್ಟ ಮನೆಗಳು. ತಗ್ಗು ಬಾಗಿಲು, ಪಕ್ಕದಲ್ಲೇ ಕಿಟಕಿ, ಕಿಟಕಿಯಲ್ಲಿ ಹೂಕುಂಡ. ಬಾಗಿಲ ಹೊರಗೆ ಒಂದು ಪೊರಕೆ, ಒಂದು ಜೊತೆ ರಬ್ಬರ್ ಬೂಟು. ನಡುವೆ ನೀರಿನ ಪಂಪು, ಅದರ ಎದುರಿಗೊಂದು ಬೆಂಚು.

ಅತ್ತೆ ಹೊಸ್ತಿಲ ಹತ್ತಿರ ನಿಂತರು. ಶೂ ಬಿಚ್ಚಲು ಬಗ್ಗಿದವರು ನಾಚಿಕೊಂಡು ನೆಟ್ಟಗಾದರು. “ವಠಾರ” ಅಂದರು ಖಾಲಾ, ಯಾರಿಗೂ ಅಲ್ಲದ ಹಾಗೆ.

ಅತ್ತೆ ನೇರ ಪಂಪಿನ ಹತ್ತಿರ ಹೋಗಿ ಹಿಡಿಕೆ ಮುಟ್ಟಿ ನೋಡಿದರು. ಅಲುಗಲಿಲ್ಲ. “ಥೇಟ್ ನಮ್ ನಲ್ಲೀನೇ. ಇರೋದು ನೋಡೋಕೆ ಮಾತ್ರ” ಅಂದರು. ಖಾಲಾ ತುಟಿಯ ಕೊನೆಯಲ್ಲಿ ನಗುವಿನಂಥದು ಬಂದು ಹೋಯಿತು. ಅತ್ತೆಗೆ ಅಷ್ಟೇ ಸಾಕಾಯಿತು.

“ನಮ್ದೂ ಹೀಗೇ ಮಧ್ಯದಲ್ಲಿತ್ತು. ನಮ್ಮನೆ ಆ ಕಿಟಕಿ ಇರೋ ಕಡೆ.”

“ಮಧ್ಯದಲ್ಲಿ ಎಲ್ಲಿತ್ತು? ಸೀಬೆ ಮರದ ಬುಡದಲ್ಲಿತ್ತು. ನೀವು ಮರೆತಿದ್ದೀರಿ.”

“ಸೀಬೆ ಮರ ಗೇಟಿನ ಹತ್ರ! ಬೇಕಾದ್ರೆ ನಿಮ್ಮ ಮಗನ್ನ ಕೇಳಿ, ಬಿದ್ದೋನು ಅವ್ನು.”

“ನನ್ನ ಎಳೀಬೇಡಿ ಅತ್ತೆ” ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಗೇಟ್ ಹತ್ರ ಇದ್ದಿದ್ದು ನುಗ್ಗೆ ಮರ” ಅಂದರು ಖಾಲಾ.

“ನನಗ್ ಗೊತ್ತಿಲ್ವೇ? ದಿನಾ ಮೊದಲು ನೀರಿಗೆ ಬರ್ತಿದ್ದೋಳು ನಾನು. ಸಾಲಲ್ಲಿ ಮೊದಲ್ನೇ ಕೊಡ ಯಾವತ್ತೂ ನಂದೇ.”

ಖಾಲಾ ಕುಳಿತಿದ್ದ ಬೆಂಚಿನಿಂದ ಎದ್ದರು. ಮಂಡಿ ನೋವು ಎಲ್ಲಿ ಹೋಯಿತೋ.

“ಮೊದಲ್ನೇ ಕೊಡ ನಿಂದಾ? ಯಾ ಅಲ್ಲಾ! ಏ ಸುಳ್ಳಿ! ದಿನಾ ಕತ್ತಲಲ್ಲಿ ಕಳ್ಳಬೆಕ್ಕಿನ ಥರ ಬಂದು, ನನ್ ಕೊಡ ಕಾಲಲ್ಲಿ ಸರಿಸಿ ನಿನ್ ಕೊಡ ಇಡ್ತಿದ್ದೆ! ಕಿಟಕೀಲಿ ನಿಂತು ನೋಡ್ತಿದ್ದೆ ಕಣೇ ನಾನು. ಪಾಪ, ಸ್ಕೂಲಿಗೆ ಹೋಗೋ ಮಗು ಇದೆ ಇವಳ ಮನೇಲಿ ಅಂತ ಸುಮ್ನಿದ್ದೆ. ನೀನ್ ನೋಡಿದ್ರೆ…”

ಅಲ್ಲಿಗೆ ಅವರಿಗೆ ತಾವೇನಂದೆವೆಂದು ತಿಳಿಯಿತು. ಬಾಯಿಯ ಮೇಲೆ ಸೆರಗು ಬಂತು.

ಅತ್ತೆ ಪಂಪಿನ ಹಿಡಿಕೆ ಬಿಟ್ಟಿರಲಿಲ್ಲ. “ಇನ್ನೊಂದ್ಸಲ ಹೇಳು” ಅಂದರು.

“ಏನ್ ಹೇಳ್ಲಿ?”

“ಸುಳ್ಳಿ ಅಂದ್ಯಲ್ಲ, ಅದನ್ನೇ.”

ಒಂದು ಕಿಟಕಿ ತೆರೆಯಿತು. ಬಿಳಿಗೂದಲಿನ ಹೆಂಗಸೊಬ್ಬರು ತಲೆ ಹೊರಹಾಕಿ, ಎಲ್ಲ ಸರಿಯಿದೆಯಾ ಎಂದು ಡಚ್ಚಿನಲ್ಲಿ ಕೇಳಿದರು. ಕ್ಷಮಿಸಿ, ಇವರಿಬ್ಬರೂ ಒಂದು ಕಾಲದ ಅಕ್ಕಪಕ್ಕದ ಮನೆಯವರು ಅಂದೆ. ಆಕೆ ತಮ್ಮ ಪಕ್ಕದ ಬಾಗಿಲ ಕಡೆ ಕಣ್ಣು ಹೊರಳಿಸಿ, ಅರ್ಥವಾಯಿತು ಅನ್ನುವಂತೆ ನಿಟ್ಟುಸಿರುಬಿಟ್ಟು ನಕ್ಕರು, ಕಿಟಕಿ ಹಾಕಿಕೊಂಡರು.

ಖಾಲಾ ಬೆಂಚಿನಲ್ಲಿ ಕೂತು ಪಕ್ಕದಲ್ಲಿ ಜಾಗ ಮಾಡಿದರು. ಅತ್ತೆ ಹೋಗಿ ಕೂತರು.

“ಯಾಕೇ ಹೇಳ್ದೆ ಹೋದೆ?”

“ನಿನ್ ಮುಖ ನೋಡಿದ್ರೆ ಲಾರಿ ಹತ್ತೋಕೆ ಆಗ್ತಿರ್ಲಿಲ್ಲ ಕಣೇ.”

“ಹತ್ತಬಾರ್ದಿತ್ತು” ಅಂದರು ಖಾಲಾ. ಆಮೇಲೆ, “ಆ ಫಿರ್ನಿ ಯಾರ್ ತಿಂದ್ರು ಗೊತ್ತಾ?”

“ಯಾರು?”

“ಬೆಕ್ಕು. ಮೇಲೆ ಪಿಸ್ತಾ ಬೇರೆ ಹಾಕಿದ್ದೆ.”

ಅತ್ತೆ ಅಳಲು ಹೋಗಿ ನಕ್ಕರು, ನಗಲು ಹೋಗಿ ಅತ್ತರು, ಯಾವುದೆಂದು ನನಗೆ ಇವತ್ತಿಗೂ ಹೇಳಲಾಗದು. ನಾನೂ ಖಾಲಾ ಮಗನೂ ಹೊರಗೆ ಮೆಣಸಿನ ಬೀದಿಯಲ್ಲಿ ಗೋಡೆಗೊರಗಿ ನಿಂತೆವು. ನಲವತ್ತು ದಾಟಿದ ನಾವಿಬ್ಬರು ಆ ಹೊತ್ತಿನಲ್ಲಿ, ದೊಡ್ಡವರ ಮಾತು ಮುಗಿಯಲೆಂದು ಜಗಲಿಯಲ್ಲಿ ಕಾಯುವ ಮಕ್ಕಳಾಗಿದ್ದೆವು. ಒಳಗಿನಿಂದ ಸಣ್ಣಗೆ ಮಾತು ಕೇಳುತ್ತಿತ್ತು. ಶಬ್ದಗಳು ತಿಳಿಯುತ್ತಿರಲಿಲ್ಲ, ಆದರೆ ಅದರ ಏರಿಳಿತ ನನಗೆ ಬಾಯಿಪಾಠ. ಆ ಸದ್ದಿಗೇ ನಾನು ಎಷ್ಟೋ ಮಧ್ಯಾಹ್ನ ನಿದ್ದೆ ಹೋಗಿದ್ದೆ.

ನೋಡಬೇಕೆಂದುಕೊಂಡಿದ್ದ ಗುಲಾಬಿ ತೋಟ ಹಾಗೇ ಉಳಿಯಿತು. ಸಂಜೆ ಸ್ಟೇಷನ್ನಿಗೆ ಓಡಿ ಬಂದು ಸಿಕ್ಕಿದ ಬೋಗಿ ಹತ್ತಿದೆವು. ರೈಲು ಹೊರಟಾಗ ಖಾಲಾ, “ಚಕ್ಕುಲಿ ತೆಗಿಯೇ. ಬರ್ತಾ ಒಂದೂ ಸರಿಯಾಗಿ ಕೊಡ್ಲಿಲ್ಲ ನೀನು” ಅಂದರು. “ಕೊಟ್ರೆ ಬೇಡಿ ಬೇಡಿ ಅಂದೋಳು ಯಾರು?” ಎಂದರು ಅತ್ತೆ. ಅಲ್ಲಿಂದ ವಠಾರದ ಒಂದೊಂದೇ ಮನೆಯ ಕದ ತಟ್ಟುತ್ತಾ ಹೋದರು. ಯಾರ ಮಗಳು ಎಲ್ಲಿದ್ದಾಳೆ, ಆ ಕೊನೆ ಮನೆಯ ಮೇಷ್ಟ್ರು ಕೊನೆಗೂ ಹಲ್ಲು ಕಟ್ಟಿಸಿಕೊಂಡರೋ ಇಲ್ಲವೋ. ಜ್ವೊಲ್ಲೆ ಬರುವ ಮೊದಲು, ಎದುರು ಸಾಲಿನ ಕನ್ನಡಕದ ಹಿರಿಯರೊಬ್ಬರು ಎದ್ದು ಬಂದು, ಬಹಳ ಮರ್ಯಾದೆಯಿಂದ ಕಿಟಕಿಯ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. ಮತ್ತೆ ಅದೇ ‘ಸ್ತಿಲ್ತೆ’.

“ಏನಂತೆ ಅವರಿಗೆ?” ಎಂದು ಖಾಲಾ ಕೇಳಿದರು.

“ಇದು ಮಾತಾಡಬಾರದ ಬೋಗಿ ಖಾಲಾ. ಸುಮ್ಮನಿರಬೇಕಂತೆ.”

ಅತ್ತೆ ಒಂದು ಚಕ್ಕುಲಿಯನ್ನು ಆ ಹಿರಿಯರ ಕೈಗಿಟ್ಟು ನನ್ನ ಕಡೆ ತಿರುಗಿದರು. “ಬರ್ತಾ ಸುಮ್ನೇ ಇದ್ವಲ್ಲ, ಅದೇ ಸಾಕು ಅಂತ ಹೇಳೇ ಅವರಿಗೆ” ಅಂದರು.