ಬನ್ನಿಗೆ ಬನ್ನಿ, ಲಿಂಕಿಗೆ ಲಿಂಕು

ಮೊನ್ನೆ ಅಟ್ಟದ ಮೇಲಿನ ಹಳೆಯ ಸಾಮಾನು ಕೆಳಗಿಳಿಸುವಾಗ ಒಂದು ಕೀಬೋರ್ಡ್ ಸಿಕ್ಕಿತು. ಒಂದು ಕಾಲಕ್ಕೆ ಬೆಳ್ಳಗಿದ್ದದ್ದು ಈಗ ಹಳದಿಗೆ ತಿರುಗಿತ್ತು. ಧೂಳು ಹೋಗಲೆಂದು ಬೋರಲು ಹಾಕಿ ಬಡಿದೆ. ಗುಂಡಿಗಳ ಸಂದಿಯಿಂದ ಧೂಳಿನ ಜೊತೆ ಏನೋ ಸಣ್ಣ ಸಣ್ಣ ಚೂರುಗಳು ಉದುರಿದವು. ಜಿರಲೆಯ ರೆಕ್ಕೆ ಇರಬೇಕೆಂದು ಮೊದಲು ಹೇಸಿಕೊಂಡೆ. ಕೈಗೆತ್ತಿಕೊಂಡು ನೋಡಿದರೆ ಒಣಗಿದ ಬನ್ನಿ ಎಲೆ... ಅಲ್ಲಿಗೆ ಆ ದಿನದ ನನ್ನ ಸ್ವಚ್ಛತೆ ಮುಗಿಯಿತು. ನೆಲದ ಮೇಲೆ ಹಾಗೇ ಕೂತುಬಿಟ್ಟೆ.

ಆ ಕೀಬೋರ್ಡ್ ಕಾಕಾ ಅವರದು.

ನನಗೇನೂ ಸ್ವಂತ ಕಾಕಾ ಅಲ್ಲ. ಹಳೇ ಹುಬ್ಬಳ್ಳಿಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮಹಡಿಯ ಕೆಳಗೆ ಅವರ ಅಂಗಡಿ ಇತ್ತು. ಸ್ಕೂಟರಿನ ಬಿಡಿಭಾಗಗಳ ಅಂಗಡಿ. ಅದೂ ಎಂಥ ಸ್ಕೂಟರು? ಓರೆ ಮಾಡಿ, ಬೈದು, ಆಮೇಲೆ ಕಿಕ್ ಹೊಡೆದರೆ ಮಾತ್ರ ಚಾಲೂ ಆಗುತ್ತಿದ್ದಂಥವು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅವುಗಳ ಕಾರ್ಖಾನೆಗಳೇ ಬಾಗಿಲು ಹಾಕಿದ್ದವು, ಊರೆಲ್ಲ ಬೈಕು ಹತ್ತಿತ್ತು. ಕಾಕಾರ ಅಂಗಡಿಯಲ್ಲಿ ಮಾತ್ರ ಛಾವಣಿಯವರೆಗೆ ಡಬ್ಬಿಗಳು. ಕ್ಲಚ್ ಪ್ಲೇಟು, ಹೆಡ್‌ಲೈಟಿನ ರಿಂಗು, ಎಣ್ಣೆ ಕಾಗದದಲ್ಲಿ ಸುತ್ತಿಟ್ಟ ಗೇರುಗಳು... ಗಿರಾಕಿಗಳಿಗಿಂತ ಬೆಕ್ಕುಗಳೇ ಹೆಚ್ಚು ಬರುತ್ತಿದ್ದವು.

ಕಟ್ಟಡ ಕಾಕಾರ ಅಣ್ಣನ ಹೆಸರಿನಲ್ಲಿತ್ತು. ಅಣ್ಣನ ಮಕ್ಕಳಿಗೆ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇಡುವ ಆಸೆ. ಹಾಗಾಗಿ ಡಬ್ಬಿಗಳೆಲ್ಲ ಇವತ್ತೋ ನಾಳೆಯೋ ಗುಜರಿಗೆ ಹೋಗುವವು ಎಂಬುದು ಓಣಿಗೆಲ್ಲ ಗೊತ್ತಿದ್ದ ಮಾತು. ಕಾಕಾಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ನನ್ನ ಕಂಪ್ಯೂಟರುಗಳನ್ನು ದೂರದಿಂದಲೇ ನೋಡುತ್ತ ಕೇಳಿದರು: “ತಂಗಿ, ಇಷ್ಟ ದೊಡ್ಡ ಜಗತ್ತಿನ್ಯಾಗ ನನ್ನ ಸಾಮಾನು ಬೇಕಾದವ್ರು ಒಬ್ಬರೂ ಇಲ್ಲೇನ?”

ಇದ್ದರು. ವಿದೇಶಗಳಲ್ಲಿ ಅಂಥ ಸ್ಕೂಟರುಗಳನ್ನು ಮಕ್ಕಳ ಹಾಗೆ ಸಾಕುವ ಹುಚ್ಚರ ಸಂಘಗಳೇ ಇದ್ದವು. ನಾನು ಕಾಕಾಗೆ ನಾಲ್ಕು ಪುಟದ ವೆಬ್‌ಸೈಟ್ ಮಾಡಿಕೊಟ್ಟೆ. ಅವರೂ ಒಂದು ಹಳೆಯ ಕಂಪ್ಯೂಟರ್ ಕೊಂಡು ಹಣದ ಗಲ್ಲೆಯ ಮೇಲೆ ಇಟ್ಟರು. ತಿಂಗಳುಗಟ್ಟಲೆ ಯಾರೂ ಬರಲಿಲ್ಲ. ಸರ್ಚ್ ಎಂಜಿನ್ನಿನಲ್ಲಿ ಹುಡುಕಿದರೆ ನಮ್ಮ ಸೈಟು ಎಲ್ಲೋ ಪಾತಾಳದಲ್ಲಿ. ಕಾರಣ ಹೇಳಿದೆ: “ಬ್ಯಾರೇದವ್ರು ತಮ್ಮ ಸೈಟಿನ್ಯಾಗ ನಿಮ್ಮ ಲಿಂಕ್ ಹಾಕಬೇಕ್ರಿ ಕಾಕಾ. ಹಂಗ ಹಾಕಿದ್ರ ಸರ್ಚ್ ಎಂಜಿನ್ನಿಗೆ ನಿಮ್ಮ ಮ್ಯಾಲ ನಂಬಿಕಿ ಬರ್ತೈತಿ, ನಿಮ್ಮನ್ನ ಮುಂದ ತರ್ತೈತಿ. ಅವರು ಹಾಕಿದ್ರ ನಾವೂ ಅವರದು ಹಾಕೂದು.”

ಕಾಕಾ ತಲೆಯಾಡಿಸಿದರು. “ಅಂದ್ರ ಬನ್ನಿ ಕೊಟ್ಟಂಗ. ಅವರು ನಮಗ, ನಾವು ಅವರಿಗೆ. ಅಷ್ಟ ಹೌದಲ್ಲ?”

ಹೌದೆಂದೆ. ನಮ್ಮ ಕಡೆ ದಸರೆಯ ದಿನ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತೇವೆ. ಕೊಟ್ಟವರಿಗೆ ತಿರುಗಿ ಕೊಡುತ್ತೇವೆ, ಬಂಗಾರದ ಹಾಗೆ ಇರೋಣ ಎನ್ನುತ್ತೇವೆ. ವರ್ಷವಿಡೀ ಮಾತು ಬಿಟ್ಟವರೂ ಆ ದಿನ ಒಬ್ಬರ ಹೊಸ್ತಿಲು ಒಬ್ಬರು ತುಳಿಯುತ್ತಾರೆ. ಬೇಡ ಎನ್ನುವ ರೂಢಿಯೇ ಇಲ್ಲ. ಇಷ್ಟು ಸಲೀಸಾಗಿ ಯಾವ ವಿದ್ಯಾರ್ಥಿಗೂ ನಾನು ಲಿಂಕ್ ವಿನಿಮಯ ಅರ್ಥ ಮಾಡಿಸಿರಲಿಲ್ಲ ಎಂದು ಒಳಗೊಳಗೇ ಬೀಗಿದೆ.

ಇಂಗ್ಲೆಂಡಿನ ಒಂದು ಸ್ಕೂಟರ್ ಸಂಘ ಮೊದಲು ಒಪ್ಪಿತು. ಆಮೇಲೆ ಇಟಲಿಯ ಒಬ್ಬ ಮೆಕ್ಯಾನಿಕ್. ಆಮೇಲೆ ಇನ್ನೂ ಕೆಲವರು. ನಿಧಾನಕ್ಕೆ ನಮ್ಮ ಸೈಟು ಮೇಲಕ್ಕೆ ಬಂತು, ಒಂದು ದಿನ ಮೊದಲ ಪುಟದಲ್ಲೇ ಕಾಣಿಸಿಕೊಂಡಿತು. ಗೇರು ಬೇಕು, ರಿಂಗು ಬೇಕು ಎಂಬ ಇ-ಮೇಲ್ ಪತ್ರಗಳು ಶುರುವಾದವು. ಕಾಕಾರ ಹೆಂಡತಿ ಕಾಕು ಮನೆಯಲ್ಲಿ ಪಾರ್ಸಲ್ಲುಗಳಿಗೆ ಬಿಳಿ ಬಟ್ಟೆ ಹೊಲಿಯುತ್ತಿದ್ದರು, ಕಾಕಾ ಅರಗಿನ ಮುದ್ರೆ ಒತ್ತಿ ಅಂಚೆ ಕಚೇರಿಗೆ ಒಯ್ಯುತ್ತಿದ್ದರು. ಅಣ್ಣನ ಮಕ್ಕಳು ಸುಮ್ಮನಾದರು. ಆ ದಸರೆಗೆ ಕಾಕಾ ಬನ್ನಿಯನ್ನು ದೇವರಿಗೆ, ತಕ್ಕಡಿಗೆ ಏರಿಸಿ ಕೀಬೋರ್ಡಿನ ಮೇಲೂ ಒಂದು ಹಿಡಿ ಹಾಕಿದರು. ಗುಂಡಿಗಳು ಸಿಕ್ಕಿಕೊಳ್ಳುತ್ತವೆ ಎಂದು ನಾನು ಒದರಾಡಿದೆ. ಅವರು ನಕ್ಕರು.

ತೊಂದರೆ ಬಂದದ್ದು ಯಾರಿಗೂ ಬೇಡ ಎನ್ನದ ಆ ನಗುವಿನಿಂದಲೇ. ಸೈಟು ಮೇಲೆ ಬಂದದ್ದೇ ತಡ, ಎಲ್ಲೆಲ್ಲಿಂದಲೋ ಪತ್ರಗಳು ಬರತೊಡಗಿದವು: ನಿಮ್ಮ ಸೈಟು ಬಹಳ ಮೆಚ್ಚಿಗೆಯಾಯಿತು, ಲಿಂಕ್ ಬದಲಾಯಿಸಿಕೊಳ್ಳೋಣವೇ? ಸಾಲ ಕೊಡುವವರು, ಬೊಜ್ಜು ಕರಗಿಸುವ ಗುಳಿಗೆಯವರು, ಸ್ಪೇನಿನಲ್ಲಿ ಮನೆ ಮಾರುವವರು. ಲಿಂಕ್ ಹಾಕುವುದನ್ನು ಅಷ್ಟರಲ್ಲಿ ಕಲಿತಿದ್ದ ಕಾಕಾ ಒಬ್ಬರನ್ನೂ ಬಿಡದೆ ‘ನಮ್ಮ ಗೆಳೆಯರು’ ಎಂಬ ಪುಟಕ್ಕೆ ಸೇರಿಸುತ್ತ ಹೋದರು. ದಸರೆಗೆ ಅವರಿಗೆಲ್ಲ ಶುಭಾಶಯ ಬೇರೆ ಕಳಿಸಿದ್ದರು.

“ಕಾಕಾ, ಇವರು ಜೂಜಿನವರದಾರ್ರಿ” ಎಂದು ಒಂದು ಸಲ ತೋರಿಸಿದೆ.

“ಇರ್ಲಿ ಬಿಡವಾ. ಬನ್ನಿ ಹಿಡಕೊಂಡು ಬಾಗಲಿಗೆ ಬಂದಾರ. ಏನ ಉದ್ಯೋಗ ಮಾಡ್ತಿ ಅಂತ ಕೇಳಾಕ ಬರ್ತೈತೇನು?”

ನಾನು ಮತ್ತೆ ಮತ್ತೆ ಹೇಳಿದೆ, ಅವರು ಮತ್ತೆ ಮತ್ತೆ ಚಹಾ ತರಿಸಿದರು.

ಮುಂದಿನ ಬೇಸಿಗೆಯಲ್ಲಿ ಒಂದು ಮುಂಜಾನೆ ನಮ್ಮ ಸೈಟು ಮಾಯವಾಗಿತ್ತು. ಮೊದಲ ಪುಟದಲ್ಲಿ ಇಲ್ಲ, ಹತ್ತನೆಯದರಲ್ಲೂ ಇಲ್ಲ. ಸರ್ಚ್ ಎಂಜಿನ್ನಿನವರು ತಮ್ಮ ಲೆಕ್ಕಾಚಾರ ಬದಲಿಸಿದ್ದರು. ಸಂಬಂಧವೇ ಇಲ್ಲದವರ ಜೊತೆ ರಾಶಿಗಟ್ಟಲೆ ಲಿಂಕ್ ಬದಲಾಯಿಸಿಕೊಂಡವರನ್ನು, ಒಬ್ಬರಿಗೊಬ್ಬರು ಸುಳ್ಳು ಸಾಕ್ಷಿ ಹೇಳುವವರೆಂದು ತಿಳಿದು ಕೆಳಗೆ ತಳ್ಳುತ್ತಿದ್ದರು. ಪತ್ರಗಳು ನಿಂತವು. ಅಣ್ಣ ಅಂಗಡಿಗೇ ಬಂದು ಹೇಳಿ ಹೋದರು: “ದೀಪಾವಳಿ ತನಕಾ ನೋಡೂಣು. ಆಮ್ಯಾಲ ಜಗಾ ಹುಡುಗರಿಗೆ ಬಿಟ್ಟುಕೊಡು.”

ಸಂಬಂಧವಿಲ್ಲದ ಲಿಂಕುಗಳನ್ನು ಕೂಡಲೇ ತೆಗೆಯಬೇಕೆಂದೆ. ಕಾಕಾ ಒಪ್ಪಲಿಲ್ಲ. “ಅವರ ಬನ್ನಿ ನಮ್ಮ ಕಿಸೇದಾಗ ಇಟಗೊಂಡು, ನಾವು ಕೊಟ್ಟದ್ದನ್ನ ಕಸಗೋಬೇಕೇನು? ಮೊದಲ ಅವರನ್ನ ಒಂದ ಮಾತು ಕೇಳೂಣು.” ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಒಬ್ಬೊಬ್ಬರಿಗೂ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಟ್ಟೆ. ನಮ್ಮ ಅಂಗಡಿಗೆ ಕಷ್ಟ ಬಂದಿದೆ, ನಿಮ್ಮ ಲಿಂಕ್ ತೆಗೆಯಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ ಎಂದು. ಕಾಕಾ ದಿನವೂ ಉತ್ತರಕ್ಕೆ ಕಾದರು. ಕೆಲವು ಪತ್ರಗಳು ವಿಳಾಸವೇ ಇಲ್ಲವೆಂದು ಹಿಂದಿರುಗಿದವು. ಕೆಲವಕ್ಕೆ ಕ್ಷಣಾರ್ಧದಲ್ಲಿ ಉತ್ತರ ಬಂತು: ನಿಮ್ಮ ಸೈಟು ಬಹಳ ಮೆಚ್ಚಿಗೆಯಾಯಿತು, ಲಿಂಕ್ ಬದಲಾಯಿಸಿಕೊಳ್ಳೋಣವೇ?

ಅದನ್ನು ಓದಿ ಹೇಳಿದಾಗ ಕಾಕಾರ ಮುಖ ಸಣ್ಣದಾಯಿತು. “ಹಂಗಾರ ಅಲ್ಲೆ ಮಂದೀನ ಇರಲಿಲ್ಲೇನ ತಂಗಿ?”

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಕಾಕಾ ದಸರೆಯ ಶುಭಾಶಯ ಕಳಿಸಿದ್ದು ಯಂತ್ರಗಳಿಗೆ...

ಮನುಷ್ಯರಾಗಿ ಉತ್ತರಿಸಿದವರು ಒಬ್ಬರೇ. ಇಂಗ್ಲೆಂಡಿನ ಸಣ್ಣ ಊರಿನ ಒಬ್ಬ ಮುದುಕರು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಸುತ್ತಿದ ಊರುಗಳ ಚಿತ್ರಗಳಷ್ಟೇ ಅವರ ಸೈಟಿನಲ್ಲಿದ್ದವು, ಹಾಗಾಗಿ ಅವಸರದಲ್ಲಿ ಅವರಿಗೂ ಪತ್ರ ಹೋಗಿತ್ತು. ನನ್ನ ಲಿಂಕನ್ನು ಧಾರಾಳವಾಗಿ ತೆಗೆಯಿರಿ, ನಿಮ್ಮ ಅಂಗಡಿ ಉಳಿಯಲಿ, ನಾನು ಮಾತ್ರ ನಿಮ್ಮದನ್ನು ತೆಗೆಯುವುದಿಲ್ಲ ಎಂದು ಬರೆದಿದ್ದರು. ಕಾಕಾ ಆ ಪತ್ರವನ್ನು ನನ್ನಿಂದ ಮತ್ತೊಮ್ಮೆ ಓದಿಸಿ ಕೇಳಿದರು. ಸಂಬಂಧವಿಲ್ಲದ ಲಿಂಕುಗಳನ್ನೆಲ್ಲ ಆ ಸಂಜೆಯೇ ತೆಗೆಸಿದರು. ಸ್ಕೂಟರಿನವರನ್ನು ಮಾತ್ರ ಉಳಿಸಿಕೊಂಡೆವು, ಅದರಲ್ಲಿ ಆ ಮುದುಕರದು ಎಲ್ಲಕ್ಕಿಂತ ಮೇಲೆ.

ಆದರೆ ಒಮ್ಮೆ ಹೋದ ನಂಬಿಕೆ ಸರ್ಚ್ ಎಂಜಿನ್ನಿಗೆ ಲಗೂ ಬರುವುದಿಲ್ಲ. ಆ ವರ್ಷದ ದಸರೆಗೆ ಕಾಕಾ ಎಂದಿನಂತೆ ಅಣ್ಣನ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲು ಮುಟ್ಟಿ ಬಂದರು. ಅಣ್ಣನೂ ತಿರುಗಿ ಕೊಟ್ಟರಂತೆ. ದೀಪಾವಳಿ ಮುಗಿದದ್ದೇ ಗುಜರಿಯವರ ಟೆಂಪೊ ಬಂದು ನಿಂತಿತು. ಎಣ್ಣೆ ಕಾಗದದ ಗೇರುಗಳು ಮೊರದಿಂದ ಕಾಳು ಸುರಿದ ಹಾಗೆ ಟೆಂಪೊದಲ್ಲಿ ಬಿದ್ದವು. ಕಾಕಾ ಒಂದೇ ಒಂದು ಡಬ್ಬಿ ತೆಗೆದಿಟ್ಟುಕೊಂಡು, ಕಾಕು ಹತ್ತಿರ ಬಟ್ಟೆ ಹೊಲಿಸಿ, ಆ ಮುದುಕರ ವಿಳಾಸಕ್ಕೆ ಕಳಿಸಿದರು. ಕಂಪ್ಯೂಟರನ್ನು ನನ್ನ ಕ್ಲಾಸಿಗೆ ಕೊಟ್ಟರು.

ಯುಗಾದಿಯ ಹೊತ್ತಿಗೆ ಸೈಟು ಮತ್ತೆ ಮೊದಲ ಪುಟಕ್ಕೆ ಬಂತು.

ಸುದ್ದಿ ಹೇಳಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿರುವಾಗಲೇ ಪತ್ರಗಳು ಬರತೊಡಗಿದವು. ಗೇರು ಇದೆಯೇ, ರಿಂಗು ಇದೆಯೇ? ಹೇಳಿದೆ. ಕಾಕಾ ಆಗಿನಿಂದ ಸಂಜೆ ಮೆಟ್ಟಿಲು ಹತ್ತಿ ಬಂದು, ನನ್ನ ಪಕ್ಕ ಕೂತು, ಪ್ರತಿಯೊಬ್ಬರಿಗೂ ಉತ್ತರ ಬರೆಸಿದರು. ಅಂಗಡಿ ಮುಚ್ಚಿದೆ, ಇಂಥವರಲ್ಲಿ ಕೇಳಿ ನೋಡಿ ಎಂದು. ಕೆಳಗಿನಿಂದ ಮೊಬೈಲ್ ಅಂಗಡಿಯ ಹಾಡು ಕೇಳುತ್ತಿತ್ತು. ಅವರು ಒಂದು ದಿನವೂ ಅತ್ತ ತಿರುಗಿ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ನಾನೂ ಕ್ಲಾಸ್ ಮುಚ್ಚಿ ಊರಂಚಿನ ಬೈರಿದೇವರಕೊಪ್ಪಕ್ಕೆ ಬಂದೆ. ಸೈಟಿನ ಹೆಸರನ್ನು ಯಾರೂ ನವೀಕರಿಸಲಿಲ್ಲ, ಅದೂ ಹೋಯಿತು.

ಎಲೆಗಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮೊಬೈಲಿನಲ್ಲಿ ಆ ಮುದುಕರ ಸೈಟನ್ನು ಹುಡುಕಿದೆ. ಇರಲಾರದು ಅಂದುಕೊಂಡಿದ್ದೆ, ಇತ್ತು. ಎಷ್ಟೋ ವರ್ಷಗಳಿಂದ ಯಾರೂ ಮುಟ್ಟಿದ ಹಾಗಿರಲಿಲ್ಲ. ಅದೇ ಸ್ಕೂಟರು, ಹಿಂದೆ ಕೂತು ನಗುತ್ತಿರುವ ಅದೇ ಹೆಂಡತಿ. ಕೊನೆಯಲ್ಲಿ ‘ಹುಬ್ಬಳ್ಳಿಯ ನನ್ನ ಗೆಳೆಯನ ಅಂಗಡಿ’ ಎಂಬ ಲಿಂಕು. ಕೊಟ್ಟ ಮಾತಿನಂತೆ ತೆಗೆದಿರಲಿಲ್ಲ. ಒತ್ತಿದೆ. ಅಂಥ ಪುಟವೇ ಇಲ್ಲ ಎಂದು ಬಂತು.

ಬಹಳ ಹೊತ್ತು ಅತ್ತೆ. ಆಮೇಲೆ ಎದ್ದು ಕೀಬೋರ್ಡನ್ನು ಒರೆಸಿ, ಬಟ್ಟೆ ಸುತ್ತಿ, ಮತ್ತೆ ಅಟ್ಟಕ್ಕೇ ಏರಿಸಿದೆ. ಎಲೆಗಳನ್ನು ದೇವರ ಮುಂದೆ ಇಟ್ಟಿದ್ದೇನೆ. ಇನ್ನೇನು ದಸರೆ ಬಂತು. ಈ ಸಲ ನನಗೆ ಎಲ್ಲರಿಗಿಂತ ಮೊದಲು ಕಾಕಾನೇ ಬನ್ನಿ ಕೊಟ್ಟ ಹಾಗಾಯಿತು. ತಿರುಗಿ ಕೊಡೋಣವೆಂದರೆ ಅವರಿಲ್ಲ.