ಸೂರ್ಯನಿಗಿಂತ ಮೊದಲು ಬರುವ ಧೂಳಕ್ಕ

ಬೆಳಕು ಹರಿಯುವ ಮುನ್ನವೇ ಧೂಳಕ್ಕ ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿರುತ್ತಾರೆ; ಇಲ್ಲಿನವರು ಅವರನ್ನು ಕರೆಯುವುದೇ ಹಾಗೆ. ತಲೆಗೆ ಬಿಗಿಯಾದ ಟೋಪಿ, ಬಾಯಿಗೆ ಬಟ್ಟೆ. ಪುಡಿ ಗಾಜಿನ ಮೇಲೆ ಉದುರೀತೆಂದು ಮುಖಕ್ಕೆ ಪೌಡರ್ ಹಚ್ಚುವುದು ಬಿಟ್ಟು ಇಪ್ಪತ್ತು ವರ್ಷವಾಯಿತಂತೆ. ಟಾರ್ಚನ್ನು ಓರೆಯಾಗಿ ಹಿಡಿದು, ಉಸಿರು ಬಿಗಿಹಿಡಿದು, ದೂರದರ್ಶಕದ ಮುಂದಿನ ಗಾಜಿನ ಮೇಲೆ ಒಂದೊಂದೇ ಧೂಳಿನ ಕಣ ಹುಡುಕಿ ಒರೆಸುತ್ತಾರೆ. "ನಮ್ಮನೆ ಕಪಾಟಿನ ಮೇಲೆ ಬೆರಳಲ್ಲಿ ಹೆಸರು ಬರೀಬಹುದು, ಅಷ್ಟು ಧೂಳಿದೆ. ಇಲ್ಲಿ ಮಾತ್ರ ಒಂದು ಚುಕ್ಕೆನೂ ಬಿಡಲ್ಲ," ಎಂದು ತಾವೇ ನಗುತ್ತಾರೆ.

ಈ ದೂರದರ್ಶಕ ನೋಡುವುದು ಸೂರ್ಯನ ಸುತ್ತ ಹರಡಿರುವ ಕರೋನಾ ಎಂಬ ತೆಳು ಪ್ರಭೆಯನ್ನು. ಉರಿಯುವ ಬಿಂಬವನ್ನು ಒಳಗೊಂದು ಬಿಲ್ಲೆ ಮರೆಮಾಡುತ್ತದೆ. ಗಾಜಿನ ಮೇಲೆ ಧೂಳಿದ್ದರೆ ಬಿಸಿಲು ಅದಕ್ಕೆ ತಾಗಿ ಚೆದುರಿ ಪ್ರಭೆಯನ್ನು ನುಂಗಿ ನೀರು ಕುಡಿಯುತ್ತದೆ. ಪ್ರಭೆ ಕಮಾನು ಕಟ್ಟುವುದು, ಎಳೆ ಎಳೆಯಾಗಿ ಚಾಚುವುದು ಎಲ್ಲವೂ ಸೂರ್ಯನ ಕಾಂತಕ್ಷೇತ್ರ ಹೇಳಿದಂತೆ. "ಕಾಂತದ ಗೆರೆ ಕಣ್ಣಿಗೆ ಕಾಣಲ್ಲ. ಬಿಸಿ ಅನಿಲ ಅದರ ಜಾಡಲ್ಲೇ ಹೋಗುತ್ತಲ್ಲ, ಅದನ್ನ ನೋಡಿ ಗೆರೆ ಎಲ್ಲಿದೆ ಅಂತ ತಿಳ್ಕೋತಾರೆ. ಮೇಡಂ ಹೇಳಿಕೊಟ್ಟಿದ್ದು," ಎನ್ನುತ್ತಾರೆ ಧೂಳಕ್ಕ.

ಮೇಡಂ ಎಂದರೆ ಇಲ್ಲಿನ ಮುಖ್ಯ ವಿಜ್ಞಾನಿ. ಕಳೆದ ಚಳಿಗಾಲದಲ್ಲಿ ಅವರ ಚಿತ್ರಗಳಲ್ಲಿ ಕಮಾನುಗಳು ಮಸುಕಾಗತೊಡಗಿದವು. ಯಂತ್ರವನ್ನೆಲ್ಲ ಬಿಚ್ಚಿ ನೋಡಿದ್ದಾಯಿತು. ಧೂಳಕ್ಕನಿಗೆ ಮಾತ್ರ ಒಳಗೊಳಗೇ ಅಳುಕು. ಕೆಲವು ದಿನಗಳಿಂದ ಮನೆಯ ಬಲ್ಬಿನ ಸುತ್ತ ಅವರಿಗೆ ಬೆಳಕಿನ ಬಳೆ ಕಾಣುತ್ತಿತ್ತು. ಕಣ್ಣಿಗೆ ಪೊರೆ ಬಂದಿತ್ತು; ಗಾಜಿನ ಮೇಲಿನ ಸಣ್ಣ ಕಣಗಳು ಕಣ್ತಪ್ಪುತ್ತಿದ್ದವು. ಹೇಳಿದರೆ ಕೆಲಸ ಹೋದೀತು; ಗಂಡನಿಲ್ಲದ ಮನೆ, ಇನ್ನೂ ಓದುವ ಮಗಳು. "ಎರಡು ದಿನ ಹೇಳ್ಲೋ ಬೇಡ್ವೋ ಅಂತ ಒದ್ದಾಡಿದೆ. ಆಮೇಲೆ ಧೈರ್ಯ ಮಾಡಿ ಹೋಗಿ, 'ಮೇಡಂ, ಯಂತ್ರ ಸರಿಯಾಗೇ ಇದೆ, ಕೆಟ್ಟಿರೋದು ನನ್ನ ಕಣ್ಣು' ಅಂದುಬಿಟ್ಟೆ."

ಮೇಡಂ ಬೈಯಲಿಲ್ಲ. ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಬೇರೆಯವರನ್ನು ನೇಮಿಸಿ ಎಂದು ಮೇಲಿನವರು ಹೇಳಿದಾಗ, ಧೂಳಕ್ಕ ಬರುವವರೆಗೆ ನಾನೇ ಒರೆಸುತ್ತೇನೆ ಎಂದು ಬಟ್ಟೆ ಹಿಡಿದು ನಿಂತರು. "ಒಡಹುಟ್ಟಿದೋರೂ ಅಷ್ಟು ಮಾಡಲ್ಲ," ಎನ್ನುತ್ತಾರೆ ಧೂಳಕ್ಕ.

ಈಗ ಪೊರೆ ಹೋಗಿದೆ. ಹೊತ್ತು ಮೂಡಿ, ಪರದೆಯ ಮೇಲೆ ಕಮಾನುಗಳು ಸ್ಪಷ್ಟವಾಗಿ ಎದ್ದು ನಿಲ್ಲುತ್ತವೆ. ಮೇಡಂ ಕುರ್ಚಿ ಸರಿಸಿ ಕರೆಯುತ್ತಾರೆ. ಧೂಳಕ್ಕ ಬಾಗಿಲಲ್ಲೇ ನಿಂತು ಕಣ್ತುಂಬ ನೋಡುತ್ತಾರೆ. ಇನ್ನೇನು ಆಸೆ ಎಂದು ಕೇಳಿದರೆ ಹೇಳುತ್ತಾರೆ:

"ಒಂದಲ್ಲ ಒಂದಿನ ವಯಸ್ಸಾಯ್ತು, ಕೆಲಸ ಸಾಕು ಅಂತಾರಲ್ಲ, ಅವತ್ತು ಬೆಳಿಗ್ಗೆನೂ ಗಾಜು ನಾನೇ ಒರೆಸಿ ಹೋಗ್ಬೇಕು. ಅವತ್ತಿನ ಚಿತ್ರ ಚೆನ್ನಾಗಿ ಬರಬೇಕು."