ತಡವಾಗಿ ಬಂದ ಪೆಟ್ಟು

ಅವನು ಹಾಡುತ್ತಿದ್ದ, ನಾನು ತಬಲಾ ಬಾರಿಸುತ್ತಿದ್ದೆ. ಬೈಲಹೊಂಗಲದಲ್ಲಿ ಶಾಲೆಗೆ ಹೋಗುವ ಕಾಲದಿಂದಲೂ ಹಾಗೆಯೇ. ಮುಂದೆ ಅವನು ಅಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕುಳಿತ, ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ಹಿಡಿದೆ. ಆದರೆ ಊರಿನಲ್ಲಿ ಎಲ್ಲೇ ಭಜನೆಯಿರಲಿ, ಸತ್ಸಂಗವಿರಲಿ, ನಮ್ಮಿಬ್ಬರಲ್ಲಿ ಒಬ್ಬನನ್ನು ಕರೆದರೆ ಇಬ್ಬರೂ ಬರುತ್ತಾರೆಂದು ಜನಕ್ಕೆ ಗೊತ್ತಿತ್ತು. ನನ್ನಪ್ಪ ಮೊಹರಂ ಹಾಡಿನವರಿಗೂ ಬಾರಿಸುತ್ತಿದ್ದರು, ಮಠದ ಭಜನೆಗೂ ಬಾರಿಸುತ್ತಿದ್ದರು. ನನ್ನ ಕೈ ಅವರದು. ಅವನ ಕಂಠ ಅವನ ಅವ್ವನದು.

ನಾವು ಅಭ್ಯಾಸ ಅಂತ ಮಾಡಿದವರೇ ಅಲ್ಲ. ಅವನಿಗೊಂದು ಚಾಳಿ ಇತ್ತು. ಯಾವುದಾದರೂ ಒಂದು ಸಾಲು ಹಿಡಿಸಿತೆಂದರೆ ಅದರ ಕೊನೆಯ ಅಕ್ಷರವನ್ನು ಬಿಡುತ್ತಿರಲಿಲ್ಲ, ಎಳೆದುಕೊಂಡೇ ನಿಲ್ಲುತ್ತಿದ್ದ. ಎಲ್ಲಿ ನಿಲ್ಲುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ ಎನ್ನುವುದು ಅವನಿಗೂ ಮೊದಲೇ ತಿಳಿದಿರುತ್ತಿರಲಿಲ್ಲ. ನಾನು ಎಡಗೈಯಲ್ಲಿ ಸಣ್ಣಗೆ ಗುಮುಗುಡಿಸುತ್ತ ಕಾಯುತ್ತಿದ್ದೆ. ಅವನು ಉಸಿರು ಬಿಡುವ ಹೊತ್ತಿಗೆ ನನ್ನ ಪೆಟ್ಟು ಬೀಳುತ್ತಿತ್ತು. ಕೇಳುವವರು ತಲೆದೂಗುತ್ತಿದ್ದುದು ಅಲ್ಲಿಯೇ.

ಕೊರೊನಾ ಕಾಲದಲ್ಲಿ ಭಜನೆಗಳೆಲ್ಲ ನಿಂತವು. ಆಗ ಅವನಿಗೆ ಮನೆಯಲ್ಲೇ ರೆಕಾರ್ಡಿಂಗ್ ಮಾಡುವ ಹುಚ್ಚು ಹತ್ತಿತು. ಮೈಕು, ಹೆಡ್‌ಫೋನು ಮತ್ತು ಅಂಗೈಗಿಂತ ತುಸು ದೊಡ್ಡದಾದ ಒಂದು ಪೆಟ್ಟಿಗೆ ತರಿಸಿದ. ಆಡಿಯೊ ಇಂಟರ್‌ಫೇಸ್ ಅಂತ ಅದರ ಹೆಸರು. ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವುದು, ಕಂಪ್ಯೂಟರಿನ ದನಿಯನ್ನು ಹೆಡ್‌ಫೋನಿಗೆ ತಂದುಕೊಡುವುದು, ಇಷ್ಟೇ ಅದರ ಕೆಲಸ. ಮಹಡಿಯ ಮೇಲಿನ ಕೋಣೆಯ ಗೋಡೆಗಳಿಗೆ ಅವನ ಹೆಂಡತಿ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತೂಗುಹಾಕಿ ಕೊಟ್ಟಳು, ದನಿ ಗೋಡೆಗೆ ಬಡಿದು ಮರಳಬಾರದೆಂದು.

ಮೊದಲನೆಯ ಭಾನುವಾರ ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ಬಲಗೈಯಿಂದ ಒಂದು ಪೆಟ್ಟು ಕೊಟ್ಟೆ. ಕೈ ಚರ್ಮವನ್ನು ಮುಟ್ಟಿದ ಮೇಲೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಬಿಟ್ಟು, ಸಪ್ಪಳ ಕಿವಿಗೆ ಬಂತು. ಇನ್ನೊಂದು ಪೆಟ್ಟು. ಅದೂ ತಡ. ಬಾರಿಸುತ್ತ ಹೋದಂತೆ ಕೈ ತನಗೆ ತಾನೇ ಕಿವಿಗಾಗಿ ಕಾಯತೊಡಗಿತು. ಕೈ ಕಾಯಿತೆಂದರೆ ತಾಳ ಜಾರಿತು. ತಾಳ ಜಾರಿತೆಂದರೆ ಎದುರಿಗೆ ಹಾಡುತ್ತಿದ್ದವನ ಹಾಡೂ ಕೆಸರಿನಲ್ಲಿ ಕಾಲು ಎಳೆದಂತೆ ಎಳೆಯತೊಡಗಿತು.

ಅವನು ಹಾಡು ನಿಲ್ಲಿಸಿದ. "ಯಾಕೋ, ಇವತ್ತ ಕೈ ಜಗ್ಗಾಕ ಹತ್ತೈತಲ್ಲ?"

"ಕೈ ಅಲ್ಲೋ. ಸಪ್ಪಳ ತಡಾ ಮಾಡಿ ಬರಾಕ ಹತ್ತೈತಿ. ನೀನ ಹಾಕ್ಕೊಂಡ ನೋಡು."

ಅವನು ಹೆಡ್‌ಫೋನ್ ಹಾಕಿಕೊಂಡು ಚಪ್ಪಾಳೆ ತಟ್ಟಿ ನೋಡಿದ. ಮುಖ ಬಾಡಿತು. "ಇಷ್ಟೆಲ್ಲಾ ತರಿಸಿ ವ್ಯರ್ಥ ಆತೇನಪಾ? ನೀ ಕಂಪ್ಯೂಟರ್ ಮಂದಿ, ಏನರ ಮಾಡು."

ಮಾಡಿದೆ. ಆ ತಡಕ್ಕೆ ಲೇಟೆನ್ಸಿ ಅನ್ನುತ್ತಾರೆಂದು ಓದಿ ತಿಳಿದುಕೊಂಡೆ. ಕಂಪ್ಯೂಟರು ದನಿಯನ್ನು ಹನಿಹನಿಯಾಗಿ ಸಾಗಿಸುವುದಿಲ್ಲ. ಕೊಡಕ್ಕೆ ತುಂಬಿಕೊಂಡು, ಕೊಡ ತುಂಬಿದ ಮೇಲೆ ಎತ್ತಿಕೊಂಡು ಹೋಗುತ್ತದೆ. ಆ ಕೊಡಕ್ಕೆ ಬಫರ್ ಎನ್ನುತ್ತಾರೆ. ಕೊಡ ದೊಡ್ಡದಾದರೆ ದನಿ ತಡವಾಗುತ್ತದೆ. ಸಣ್ಣದು ಮಾಡಿದರೆ ಕಂಪ್ಯೂಟರು ಓಡಾಡಿ ದಣಿದು ನಡುದಾರಿಯಲ್ಲಿ ಚೆಲ್ಲುತ್ತದೆ, ಕಿವಿಯಲ್ಲಿ ಚಟಪಟ ಸದ್ದು ಏಳುತ್ತದೆ. ಅವನ ಲ್ಯಾಪ್‌ಟಾಪು ಪೆಟ್ಟಿಗೆಯನ್ನು ಓಡಿಸಲು ತನ್ನದೇ ಹಳೆಯ ಡ್ರೈವರ್ ತಂತ್ರಾಂಶ ಬಳಸುತ್ತಿತ್ತು. ಆ ಪೆಟ್ಟಿಗೆ ಮಾಡಿದವರೇ ಬರೆದ ಡ್ರೈವರ್ ಹುಡುಕಿ ಹಾಕಿದೆ. ವೈಫೈ ಆರಿಸಿದೆ, ಹಿಂದೆ ಸುಮ್ಮನೆ ಓಡುತ್ತಿದ್ದ ಪ್ರೋಗ್ರಾಮುಗಳನ್ನೆಲ್ಲ ನಿಲ್ಲಿಸಿದೆ, ಕೊಡವನ್ನು ಸ್ವಲ್ಪ ಸ್ವಲ್ಪವೇ ಸಣ್ಣದು ಮಾಡುತ್ತ ಹೋದೆ. ಎಷ್ಟೋ ಭಾನುವಾರಗಳು ಹೀಗೆ ಹೋದವು. ಕೊನೆಗೊಂದು ಮಧ್ಯಾಹ್ನ ಪೆಟ್ಟೂ ಸಪ್ಪಳವೂ ಒಟ್ಟಿಗೆ ಬಿದ್ದವು. ಹೆಡ್‌ಫೋನ್ ಇದೆಯೆನ್ನುವುದೇ ಮರೆತುಹೋಯಿತು. ಅವನು ಹಾಡಿದ, ಸಾಲಿನ ಕೊನೆಯನ್ನು ಹಿಡಿದು ನಿಂತ, ನಾನು ಕಾದೆ, ಅವನು ಇಳಿದಲ್ಲಿ ನಾನೂ ಇಳಿದೆ. ಅವನ ಹೆಂಡತಿ ಗಿರಮಿಟ್ ಮಾಡಿ ತಂದವಳು ಬಾಗಿಲಲ್ಲೇ ನಿಂತು ಕೇಳಿದಳು.

ಆ ವರ್ಷ ಒಂದಿಷ್ಟು ಹಾಡುಗಳಾದವು. ಫೋನಿನಿಂದ ಫೋನಿಗೆ ಹೋಗಿ ರಾಮದುರ್ಗ, ಸವದತ್ತಿಯವರೆಗೂ ಮುಟ್ಟಿದವು.

ಒಂದು ಸಲ ಲ್ಯಾಬಿನಲ್ಲಿ ಕಂಪ್ಯೂಟರಿನ ತಗಡು ತಗುಲಿ ನನ್ನ ಬಲಗೈ ತೋರುಬೆರಳು ಸೀಳಿತ್ತು. ಪಟ್ಟಿ ಕಟ್ಟಿಕೊಂಡೇ ಹೋಗಿ, ಇವತ್ತು ಬೇಡವೆಂದೆ.

"ಹಾಡ ಬ್ಯಾಡ ಬಿಡು," ಅಂದ. "ಬರೀ ಠೇಕಾ ಬಾರಸು. ಒಮ್ಮೆ ಸೌಕಾಶ, ಒಮ್ಮೆ ಜಲ್ದಿ. ದನಿ ಲೆವೆಲ್ ನೋಡಿ ಇಟ್ಕೋತೇನಿ."

ಠೇಕಾ ಎಂದರೆ ತಾಳದ ಸಾದಾ ನಡಿಗೆ, ಮೇಲೆ ಯಾವ ಅಲಂಕಾರವೂ ಇಲ್ಲದ್ದು. ಕೇರವಾ ತಾಳ ಬಾರಿಸಿದೆ, ದಾದರಾ ತಾಳ ಬಾರಿಸಿದೆ, ನಿಧಾನಕ್ಕೊಮ್ಮೆ, ಬಿರುಸಿಗೊಮ್ಮೆ. ಎದುರಿಗೆ ಹಾಡಿಲ್ಲದೆ ಬಾರಿಸುವುದು ಯಾರೂ ಇಲ್ಲದ ಮನೆಯಲ್ಲಿ ಮಾತಾಡಿದಂತೆ. ಪಟ್ಟಿ ಕಟ್ಟಿದ ಬೆರಳಿನಿಂದ ಅಂಚಿನ ಪೆಟ್ಟು ಗಣ್ಣೆನ್ನದೆ ಮಂಕಾಗಿ ಬೀಳುತ್ತಿತ್ತು. ಅವನು ಪರದೆ ನೋಡುತ್ತ, "ಹೂಂ, ಇನ್ನೊಂದ ಸ್ವಲ್ಪ," ಅನ್ನುತ್ತಿದ್ದ.

ಆಮೇಲೆ ಅವನು ಕರೆಯುವುದು ಕಡಿಮೆಯಾಯಿತು. ಬಿತ್ತನೆಯ ಕಾಲ, ಅಂಗಡಿಯಲ್ಲಿ ಗದ್ದಲ ಅಂದ. ಬಿತ್ತನೆ ಮುಗಿಯಿತು. ಗಂಟಲು ಸರಿಯಿಲ್ಲ ಅಂದ. ನಾನೇ ಮಹಡಿ ಹತ್ತಿ ಹೋದರೆ ಚಹಾ ಕುಡಿಸಿ ಮಳೆ-ಬೆಳೆ ಮಾತಾಡಿ ಕಳಿಸುತ್ತಿದ್ದ. "ಈಗೇನೂ ರೆಕಾರ್ಡ್ ಮಾಡವಲ್ಲೆಪಾ, ಮನಸಽ ಬರವಲ್ದು," ಅನ್ನುತ್ತಿದ್ದ. ನಂಬಿದೆ. ನಂಬದಿರಲು ಕಾರಣವಿರಲಿಲ್ಲ.

ನಮ್ಮ ಕಾಲೇಜಿನ ಒಬ್ಬರ ಮಗಳ ಮದುವೆಗೆ ಸಿರಸಂಗಿಗೆ ಹೋಗಿದ್ದೆ. ಪೆಂಡಾಲಿನಲ್ಲಿ ಊಟಕ್ಕೆ ಕುಳಿತಾಗ ಸ್ಪೀಕರಿನಲ್ಲಿ ದೇವಿಯ ಹಾಡೊಂದು ಬಂತು. ಅವನದೇ ಕಂಠ. ನಾನು ಕೇಳಿರದ ಹಾಡು. ಮೊದಲು ಖುಷಿಯೇ ಆಯಿತು, ಗಂಟಲು ಸರಿಹೋಗಿದೆಯಲ್ಲ ಎಂದು. ಆಮೇಲೆ ತಬಲಾ ಯಾರದೆಂದು ಕಿವಿ ಕೊಟ್ಟೆ. ಕೈ ಪರಿಚಯದ್ದೆನಿಸಿತು. ಅಂಚಿನ ಪೆಟ್ಟು ಮಂಕಾಗಿತ್ತು. ಮುಂದಿನ ಸುತ್ತಿನಲ್ಲಿ ಅದೇ ಜಾಗಕ್ಕೆ ಅದೇ ಮಂಕು. ಅದರ ಮುಂದಿನದರಲ್ಲೂ ಅದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವನು ಒಂದು ಸಾಲಿನ ಕೊನೆಯನ್ನು ಎಳೆಯಲು ಹೋಗಿ, ಹಿಂದಿನಿಂದ ಯಾರೋ ನೂಕಿದಂತೆ ಮುಂದಿನ ಸಾಲಿಗೆ ಬಂದುಬಿಟ್ಟ. ತಬಲಾ ಅವನಿಗಾಗಿ ಕಾಯಲಿಲ್ಲ. ನಾನಾಗಿದ್ದರೆ ಅಲ್ಲಿ ಕಾಯುತ್ತಿದ್ದೆ. ಅಲ್ಲಿ ಬಾರಿಸುತ್ತಿದ್ದವನು ನಾನೇ, ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಆ ದಿನದ ನಾನು.

ಪಕ್ಕದಲ್ಲಿ ಕುಳಿತಿದ್ದ ನಮ್ಮ ಕಾಲೇಜಿನವರು ಕೇಳಿದರು, "ತಬಲಾ ನಿಮ್ದೇನ್ರಿ?"

"ನಂದಽ ಇದ್ದಂಗ ಐತ್ರಿ," ಅಂದೆ.

ಕೈ ತೊಳೆದುಕೊಂಡು ಪೆಂಡಾಲಿನ ಹೊರಗೆ ನಿಂತು ಫೋನಿನಲ್ಲಿ ಹುಡುಕಿದೆ. ಅವನ ಹೆಸರಿನ ಚಾನೆಲ್ಲಿನಲ್ಲಿ ಸಾಲುಸಾಲು ಹಾಡುಗಳಿದ್ದವು. ಆ ಚಾನೆಲ್ಲನ್ನು ನನಗೆ ಹೇಳದೆ ತೆರೆದಿದ್ದ. ಒಂದೊಂದನ್ನೇ ಕೇಳಿದೆ. ಕೇರವಾ ಇದ್ದಲ್ಲೆಲ್ಲ ಅದೇ ಕೇರವಾ, ದಾದರಾ ಇದ್ದಲ್ಲೆಲ್ಲ ಅದೇ ದಾದರಾ. ಪ್ರತಿ ಹಾಡಿನ ಕೆಳಗೂ ಗಾಯನ ಮತ್ತು ತಾಳ ಸಂಯೋಜನೆ ಎಂದು ಬರೆದು ಮುಂದೆ ಅವನ ಹೆಸರೊಂದೇ ಇತ್ತು. ಹೂಲಿ ದಾಟಿ ಸವದತ್ತಿಗೆ ಬರುವ ತನಕ ಬಸ್ಸಿನಲ್ಲಿ ನನ್ನ ಬೆರಳನ್ನೇ ನೋಡುತ್ತ ಕುಳಿತಿದ್ದೆ. ಗಾಯದ ಗುರುತೂ ಉಳಿದಿರಲಿಲ್ಲ.

ಮರುದಿನ ಅವನ ಮನೆಗೆ ಹೋದೆ. ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ. ನನ್ನನ್ನು ಕಂಡು ಅದನ್ನು ಮುಚ್ಚಲೂ ಇಲ್ಲ. ಪರದೆಯ ಮೇಲೆ ನನ್ನ ತಬಲಾ ತುಂಡುತುಂಡಾಗಿ ಒಂದರ ಪಕ್ಕ ಒಂದು ಅಂಟಿಕೊಂಡು ನಿಂತಿತ್ತು.

"ಸಿರಸಂಗ್ಯಾಗ ಕೇಳಿದೆ," ಅಂದೆ.

"ಛಲೋ ಬಂದೈತಲ್ಲ?"

"ನನಗ ಯಾಕ ಹೇಳಲಿಲ್ಲ?"

"ಏನ್ ಹೇಳೂದೋ ಅದರಾಗ? ನಿನಗ ಸುಮ್ನ ಯಾಕ ತ್ರಾಸ ಕೊಡಬೇಕು ಅಂತ ಬಿಟ್ಟೆ."

"ನನಗ ಯಾವಾಗ ತ್ರಾಸ ಆಗಿತ್ತು?"

ಅವನು ಕುರ್ಚಿ ತಿರುಗಿಸಿ ಕುಳಿತ. ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಯಾವ ಗೊಬ್ಬರ ಎಷ್ಟು ಹಾಕಬೇಕೆಂದು ಹೇಳುವಾಗಿನ ದನಿಯಲ್ಲೇ ಹೇಳಿದ: "ಖರೇ ಹೇಳ್ಲಿ? ನೀ ಬಂದ್ರ ಒಂದ ಹಾಡಿಗೆ ಒಂದ ದಿನಾ ಹೋಗತೈತಿ. ಪ್ರತಿ ಸಲಾ ಬ್ಯಾರೆ ಬಾರಸ್ತಿ. ಮೊದಲನೇ ಸಲದ ಒಂದ ಸಾಲ ತಗೊಂಡ, ಎರಡನೇ ಸಲದ ಇನ್ನೊಂದ ಸಾಲಕ್ಕ ಜೋಡಸಾಕ ಬರಂಗಿಲ್ಲ. ಇದು ಹಂಗಲ್ಲ. ಹಾಕಿದ್ರ ಮುಗೀತು."

"ನೀ ಬ್ಯಾರೆ ಹಾಡ್ತಿದ್ದಿ, ಅದಕ್ಕ ನಾ ಬ್ಯಾರೆ ಬಾರಸ್ತಿದ್ದೆ."

"ಈಗ ಬ್ಯಾರೆ ಹಾಡಂಗಿಲ್ಲ," ಅಂದ. ಅದೊಂದು ಕೊರತೆಯೆಂದು ಅವನಿಗೆ ಅನ್ನಿಸಿರಲಿಲ್ಲ. ಆಮೇಲೆ ಕೇಳಿದ, "ಈಗ ಏನ್ ಮಾಡು ಅಂತಿ?"

ಕರೆಯಬೇಕಿತ್ತು ಎಂದು ಹೇಳಿದರೆ ಮಕ್ಕಳು ಆಟಕ್ಕೆ ಸೇರಿಸಿಕೊಳ್ಳಲಿಲ್ಲವೆಂದು ಅತ್ತಂತೆ ಆಗುತ್ತಿತ್ತು. ಎದ್ದು ಬಂದೆ. ಅವನ ಹೆಂಡತಿ ಅಡುಗೆಮನೆಯಿಂದ, "ಚಾ ಕುಡದ ಹೋಗ್ರಿ ಅಣ್ಣಾರ," ಅಂದಳು. ಇನ್ನೊಮ್ಮೆ ಎಂದೆ.

ಬಹಳ ದಿನ ಮಾತಿರಲಿಲ್ಲ. ಸಂತೆಯಲ್ಲಿ ಎದುರಾದರೆ ಇಬ್ಬರೂ ತರಕಾರಿ ನೋಡುತ್ತಿದ್ದೆವು. ಹೀಗಿರುವಾಗ ಒಂದು ದಿನ ತಾನೇ ನಮ್ಮ ಮನೆಗೆ ಬಂದ. ಕಿತ್ತೂರಿನ ಒಂದು ಕಲ್ಯಾಣ ಮಂಟಪದಲ್ಲಿ ಅವನ ಕಾರ್ಯಕ್ರಮ ಇಟ್ಟಿದ್ದರು. ಹಾಡುಗಳನ್ನು ಫೋನಿನಲ್ಲಿ ಕೇಳಿದವರು ಎದುರಿಗೆ ಕೇಳಬೇಕೆಂದಿದ್ದರು.

"ಭಾಬಿ, ಇವಂಗ ಸ್ವಲ್ಪ ಹೇಳ್ರಿ," ಎಂದು ನನ್ನ ಹೆಂಡತಿಯ ಮುಂದೆ ಕೈಮುಗಿದ. ನನ್ನ ಕಡೆ ತಿರುಗಿ, "ಮೊದಲಿನಂಗ ಹಾಡೂಣು. ನೀ, ನಾ, ಹಾರ್ಮೋನಿಯಂ ಪೇಟಿ, ಇಷ್ಟ," ಅಂದ.

ಅವನು ಹೋದ ಮೇಲೆ ಹೆಂಡತಿ, "ಹೋಗಬ್ಯಾಡ್ರಿ," ಅಂದಳು. ನಾನು ಹೋದೆ. ಅವನ ಮೇಲಿನ ಪ್ರೀತಿಗಲ್ಲ. ಅವನ ಜೊತೆ ಬಾರಿಸುವ ಹಸಿವು ಇನ್ನೂ ಸತ್ತಿರಲಿಲ್ಲ.

ಮಂಟಪ ತುಂಬಿತ್ತು. ಮೊದಲನೆಯ ಹಾಡಿನಲ್ಲಿಯೇ ಗೊತ್ತಾಯಿತು. ಅವನು ನಿಲ್ಲುವನೆಂದು ನಾನು ಕಾದ ಕಡೆ ಅವನು ನಿಲ್ಲಲಿಲ್ಲ, ಮುಂದೆ ಹೋದ. ನಾನು ಓಡಿ ಹಿಡಿದೆ. ಒಂದೇ ತುಣುಕನ್ನು ಮೂರು ಸಲ ಬಾರಿಸಿ ಮುಗಿಸುವ ಸಣ್ಣ ತಿಹಾಯಿಯೊಂದನ್ನು ನಾನು ಹಾಕಿದರೆ, ಕತ್ತಲಲ್ಲಿ ಮೆಟ್ಟಿಲು ತಪ್ಪಿದವನಂತೆ ಬೆಚ್ಚಿ ನನ್ನ ಕಡೆ ನೋಡಿದ. ವರ್ಷಗಟ್ಟಲೆ ಅವನು ತನಗಾಗಿ ಕಾಯದ, ತನ್ನನ್ನು ಕೇಳಿಸಿಕೊಳ್ಳದ ತಬಲಾದ ಜೊತೆ ಹಾಡಿದ್ದ. ಈಗ ಕೇಳಿಸಿಕೊಳ್ಳುವವನು ಪಕ್ಕದಲ್ಲಿದ್ದುದೇ ಅವನಿಗೆ ತೊಡಕಾಗಿತ್ತು. ಎರಡನೆಯ ಹಾಡಿನ ನಡುವೆ ನನ್ನ ಕಡೆ ಬಾಗಿ, "ಸಾದಾ ಬಾರಸಪಾ," ಅಂದ. ಸಾದಾ ಬಾರಿಸಿದೆ. ಆದರೂ ಕೂಡಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತವರು ತಮ್ಮತಮ್ಮಲ್ಲಿ ಮಾತಾಡತೊಡಗಿದರು.

ಹಾಡು ಮುಗಿದಾಗ ಅವನು ಸೌಂಡಿನವನಿಗೆ ಕೈಸನ್ನೆ ಮಾಡಿದ. ವೇದಿಕೆಯ ಬದಿಯಲ್ಲಿ ಅವನ ಲ್ಯಾಪ್‌ಟಾಪೂ ಆ ಪೆಟ್ಟಿಗೆಯೂ ಇದ್ದುದನ್ನು ನಾನು ನೋಡಿದ್ದು ಆಗಲೇ. ಮೊದಲೇ ತಂದು, ವಯರು ಕೂಡಿಸಿ ಇಟ್ಟಿದ್ದ.

"ನೀ ಸುಮ್ನ ಕೈ ಆಡಸ್ತಿರು," ಅಂದ, ಮೈಕಿಗೆ ಅಂಗೈ ಅಡ್ಡ ಹಿಡಿದು.

ಸ್ಪೀಕರಿನಿಂದ ನನ್ನ ದಾದರಾ ಶುರುವಾಯಿತು. ಮಂಕಾದ ಅಂಚಿನ ಪೆಟ್ಟು ಮಂಟಪದ ತುಂಬ ಕೇಳಿತು. ಅವನು ಹಾಡತೊಡಗಿದ. ಅವನ ದನಿಯ ಅಳುಕು ಹೋಯಿತು, ಮುಖ ಅರಳಿತು. ಜನ ಚಪ್ಪಾಳೆ ತಟ್ಟಲು ಶುರುಮಾಡಿದರು. ಎಲ್ಲರ ಕಣ್ಣು ವೇದಿಕೆಯ ಮೇಲಿತ್ತು. ನಾನು ಎದ್ದು ಹೋಗಬಹುದಿತ್ತು, ಕೈ ಮಡಿಲಲ್ಲಿಟ್ಟು ಕೂಡಬಹುದಿತ್ತು. ಎರಡೂ ಮಾಡಲಿಲ್ಲ. ಬೆರಳು ಚರ್ಮಕ್ಕೆ ತಾಗಿಯೂ ತಾಗದಂತೆ ಕೈ ಆಡಿಸಿದೆ. ಒಂದು ಪೆಟ್ಟೂ ತಪ್ಪಲಿಲ್ಲ, ನನ್ನ ಕೈಯೇ ತಾನೆ. ಕಾರ್ಯಕ್ರಮ ಮುಗಿಯುವವರೆಗೂ ಹಾಗೆಯೇ ಆಡಿಸಿದೆ. ಕೆಳಗಿಳಿದಾಗ ಹಿರಿಯರೊಬ್ಬರು ನನ್ನ ಎರಡೂ ಕೈ ಹಿಡಿದು, "ಮೊದಲ ಎರಡ ಹಾಡಿಗೆ ಯಾಕೋ ಕೈ ಹತ್ತಿದ್ದಿಲ್ರಿ, ಆಮ್ಯಾಲ ಭಾಳ ಛಲೋ ಬಾರಿಸಿದ್ರಿ," ಎಂದರು.

ಸಂಜೆ ಅವನ ಕಾರಿನಲ್ಲಿ ವಾಪಸು ಹೊರಟೆವು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಎದುರು ಬರುತ್ತಿದ್ದವು, ಒಂದೊಂದಕ್ಕೂ ಕಾರು ಬದಿಗೆ ನಿಲ್ಲಿಸಬೇಕಾಗಿತ್ತು. ಹಾಗೆ ನಿಂತಾಗ ಅವನು ಹೇಳಿದ, "ಮುಂದಿನ ತಿಂಗಳ ರಾಮದುರ್ಗದಾಗ ಐತಿ."

"ಎಲ್ಲಾ ಪೆಟಗ್ಯಾಗ ಐತಲ್ಲ. ನಾ ಯಾಕ ಬೇಕು?"

"ಮಂದಿಗೆ ಕಾಣಬೇಕಲ್ಲೋ," ಅಂದ. ಅವನು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ನಿಜವನ್ನೇ ಹೇಳಿದ. ಅದರಿಂದಲೇ ಹೆಚ್ಚು ಉರಿಯಿತು.

"ನಾ ಬರಂಗಿಲ್ಲ," ಅಂದೆ.

ಅವನು ಸರಿ ಎಂದ. ಒತ್ತಾಯ ಮಾಡಲಿಲ್ಲ.

ಈಗಲೂ ಯಾರಾದರೂ ಕರೆದರೆ ಭಜನೆಗೆ ಹೋಗುತ್ತೇನೆ. ಕರೆಯುವವರು ಕಡಿಮೆ. ಒಬ್ಬನನ್ನು ಕರೆದರೆ ಇಬ್ಬರು ಬರುತ್ತಿದ್ದ ಕಾಲ ಮುಗಿದಿದೆಯೆಂದು ಊರಿಗೂ ತಿಳಿದಿದೆ. ಯಾಕೆಂದು ಯಾರೂ ಕೇಳುವುದಿಲ್ಲ, ಅವರವರೇ ಏನೋ ಊಹಿಸಿಕೊಂಡಿದ್ದಾರೆ. ಅವನು ಹಿಂದೂ, ನಾನು ಮುಸಲ್ಮಾನ, ಆ ಊಹೆ ಏನಿರಬಹುದೆಂದು ನನಗೆ ಗೊತ್ತು, ಅದು ನಿಜವಲ್ಲವೆಂದು ಎಷ್ಟು ಜನರಿಗೆ ಹೇಳುತ್ತ ತಿರುಗಲಿ?

ರಾಮದುರ್ಗದ ಕಾರ್ಯಕ್ರಮದ ವಿಡಿಯೊ ಫೋನಿಗೆ ತಾನಾಗಿಯೇ ಬಂತು. ನನ್ನ ಜಾಗದಲ್ಲಿ ಅವನ ಅಂಗಡಿಯ ಗುಮಾಸ್ತ ಕುಳಿತಿದ್ದ. ಆತನಿಗೆ ತಬಲಾ ಬರುವುದಿಲ್ಲ. ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ತಲೆ ಆಡಿಸುತ್ತ, ಎಡಗೈ ಪೆಟ್ಟು ಕೇಳುವಾಗ ಬಲಗೈ ಎತ್ತುತ್ತಿದ್ದ. ಕೊನೆಯವರೆಗೂ ನೋಡಿದೆ. ಕೆಳಗೆ ಯಾರೋ, ತಬಲಾ ಸಾಥ್ ತುಂಬಾ ಚೆನ್ನಾಗಿದೆ ಎಂದು ಬರೆದಿದ್ದರು. ಅದಕ್ಕೆ ಅವನು ಧನ್ಯವಾದಗಳು ಎಂದು ಉತ್ತರ ಕೊಟ್ಟಿದ್ದ.